ಬೋಟ್‌ಗಳಿವೆ, ಸದಸ್ಯರಿದ್ದಾರೆ, ನೀರಿಗಿಳಿಯುವವರೇ ಇಲ್ಲ. ಏನು ಮಾಡೋಣ?

ತುಮಕೂರು ಹಾಯಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ತುಮಕೂರಿನಿಂದ ಕೊರಟಗೆರೆ ಕಡೆಗೆ, ಜಯಮಂಗಲಿಗೆ ನೀರು ಹರಿಯುವ ಸೀಮೆಯ ಒಂದು ಕೆರೆಯಲ್ಲಿ ನಮ್ಮದೊಂದು ಪುಟ್ಟ ಹಾಯಿದೋಣಿ ಕ್ಲಬ್ ಇದೆ. ನಾನು ಅದರ ಕಾರ್ಯದರ್ಶಿ. ಹೊಟ್ಟೆಪಾಡಿಗೆ ಬಿ.ಎಚ್. ರಸ್ತೆಯಲ್ಲಿ ಹಾರ್ಡ್‌ವೇರ್ ಅಂಗಡಿ. ಸಂಜೆಯಾದರೆ ಮನಸ್ಸು ಕೆರೆ ಕಡೆಗೇ.

ನಮ್ಮ ಹತ್ತಿರ ಇಬ್ಬರು ಓಡಿಸುವ ಎಂಟರ್‌ಪ್ರೈಸ್ ಬೋಟ್ ಎರಡು, ಒಬ್ಬರೇ ಓಡಿಸುವ ಲೇಸರ್ ಮೂರು, ಮಕ್ಕಳಿಗೆ ಅಂತ ಆಪ್ಟಿಮಿಸ್ಟ್ ನಾಲ್ಕು ಇವೆ. ಎಲ್ಲವೂ ಸೆಕೆಂಡ್ ಹ್ಯಾಂಡ್, ಆದರೆ ಗಟ್ಟಿಮುಟ್ಟಾಗಿವೆ. ಸದಸ್ಯರು ನಲವತ್ತರ ಮೇಲಿದ್ದಾರೆ. ವರ್ಷದ ಫೀ ಕಟ್ಟುತ್ತಾರೆ. ಭಾನುವಾರ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಕಟ್ಟಿಸಿಕೊಂಡು ಬರುತ್ತಾರೆ, ಏರಿ ಮೇಲೆ ಕೂತು ಹರಟುತ್ತಾರೆ. ಬೋಟ್ ಮಾತ್ರ ಮುಟ್ಟುವುದಿಲ್ಲ. ನೀರಿಗಿಳಿಯುವುದು ಯಾವಾಗಲೂ ಅದೇ ಐದಾರು ಜನ.

ಹೋದ ವಾರ ಒಂದು ಲೇಸರ್ ರೆಡಿ ಮಾಡೋಣ ಅಂತ ಟಾರ್ಪಾಲ್ ತೆಗೆದೆ. ಮಾಸ್ಟ್‌ನ, ಅಂದರೆ ಹಾಯಿ ಕಟ್ಟುವ ಕಂಬದ, ಮೇಲಿನ ತುಂಡು ಕೆಳಗಿನ ತುಂಡಿನೊಳಗೆ ಕೂರಲೇ ಇಲ್ಲ. ಟಾರ್ಚ್ ಬಿಟ್ಟು ನೋಡಿದರೆ ಕೊಳವೆಯೊಳಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿದೆ. ಒಂದರ ಪಕ್ಕ ಒಂದು, ಒಣಗಿ ಕಲ್ಲಾಗಿವೆ. ಸರಳಿಗೆ ಬಟ್ಟೆ ಸುತ್ತಿ ಕೆರೆದು ತೆಗೆಯುವಷ್ಟರಲ್ಲಿ ಗಾಳಿಯೂ ಬಿತ್ತು, ಹೊತ್ತೂ ಮುಳುಗಿತು. ವಾರಕ್ಕೊಂದು ಸಲ ಯಾರಾದರೂ ಆ ಮಾಸ್ಟ್ ನಿಲ್ಲಿಸಿದ್ದರೆ ಹುಳ ಅಲ್ಲಿ ಮನೆ ಮಾಡುತ್ತಿತ್ತಾ? ನನಗೆ ನಿಜವಾಗಿಯೂ ಬೇಜಾರಾಯಿತು.

ವಾಟ್ಸಾಪ್ ಗುಂಪಿನಲ್ಲಿ 'ಗಾಳಿ ಚೆನ್ನಾಗಿದೆ, ಬನ್ನಿ' ಅಂತ ಹಾಕಿದರೆ ಹೆಬ್ಬೆಟ್ಟು ಬರುತ್ತದೆ, ಜನ ಬರುವುದಿಲ್ಲ. ಬೋಟ್ ಕಾಯ್ದಿರಿಸಲು ಒಂದು ರಿಜಿಸ್ಟರ್ ಇಟ್ಟೆವು. ಅದರಲ್ಲೂ ಅದೇ ಐದಾರು ಹೆಸರು. ಊರಿಗೆ ಹತ್ತಿರ ಆದರೆ ಬರುತ್ತಾರೆ, ಬುಗುಡನಹಳ್ಳಿಗೆ ಹೋಗೋಣ ಅಂದರು ಒಬ್ಬರು. ಅದು ತುಮಕೂರು ಕುಡಿಯುವ ಹೇಮಾವತಿ ನೀರು, ಅಲ್ಲಿ ಬೋಟಿನ ಮಾತೇ ಬೇಡ ಅಂದೆ. ಈಗ ಸಮಿತಿಯಲ್ಲಿ ಇನ್ನೊಂದು ಮಾತು ಎದ್ದಿದೆ. ಲೇಸರ್ ಮಾರಿ ಪೆಡಲ್ ಬೋಟ್ ತರೋಣ, ಟಿಕೆಟ್ ಇಡೋಣ ಅಂತ. ನನಗೆ ಅದು ಬೇಡ. ಗಾಳಿಯಲ್ಲೇ ಹೋಗಿ ಗಾಳಿಯಲ್ಲೇ ವಾಪಸ್ ಬರುವುದನ್ನು ನಮ್ಮ ಜನ ಕಲಿಯಬೇಕು ಅಂತಲೇ ಈ ಕ್ಲಬ್ ಶುರುವಾದದ್ದು. ಇಂಥದ್ದನ್ನು ನಡೆಸಿ ಅನುಭವ ಇರುವವರು ದಯವಿಟ್ಟು ಹೇಳಿ.

ಹಳೇ ಸ್ಯಾಪರ್ ಉತ್ತರ:

ಸ್ವಾಮಿ, ನಾನು ಹಾಯಿ ಹಿಡಿದದ್ದು ಬೆಂಗಳೂರಿನ ಹಲಸೂರು ಕೆರೆಯಲ್ಲಿ, ಸೈನ್ಯದ ಎಂಜಿನಿಯರ್ ದಳ ಮದ್ರಾಸ್ ಸ್ಯಾಪರ್ಸ್‌ನಲ್ಲಿ ಇದ್ದಾಗ. ರಿಟೈರ್ ಆದ ಮೇಲೂ ಬೇರೆ ಬೇರೆ ಕಡೆ ಹುಡುಗರಿಗೆ ಕಲಿಸಿದ್ದೇನೆ. ನಿಮ್ಮ ಸದಸ್ಯರು ಸೋಮಾರಿಗಳಲ್ಲ. ಆಸೆ ಇಲ್ಲದವರು ಭಾನುವಾರ ಅಷ್ಟು ದೂರ ಬಂದು ಏರಿ ಮೇಲೆ ಯಾಕೆ ಕೂರುತ್ತಾರೆ? ನೀವು ಇದನ್ನು ಮೊದಲು ನಂಬಬೇಕು.

ಹೊಸಬರ ಜಾಗದಲ್ಲಿ ನಿಂತು ನೋಡಿ. ಬೋಟ್ ಟಾರ್ಪಾಲ್ ಕೆಳಗಿದೆ. ಹಾಯಿ ಬೀರುವಿನಲ್ಲಿ, ಬೀಗದ ಕೈ ನಿಮ್ಮ ಅಂಗಡಿಯಲ್ಲಿ. ಯಾವ ಹಗ್ಗ ಯಾವ ರಾಟೆಯಲ್ಲಿ ಹೋಗುತ್ತದೆ ಅಂತ ಒಂದು ಸಲ ತೋರಿಸಿದ್ದು ಅವರಿಗೆ ಮರೆತಿದೆ. ಕೇಳಲು ನಾಚಿಕೆ, ಯಾಕೆಂದರೆ ಎಂಟು ಹತ್ತು ಜನ ಏರಿ ಮೇಲೆ ಕೂತು ನೋಡುತ್ತಿದ್ದಾರೆ. ಅದಕ್ಕೇ ಅವರೂ ಹೋಗಿ ನೋಡುವವರ ಜೊತೆ ಕೂರುತ್ತಾರೆ.

ಮೊದಲ ಕೆಲಸ, ಸದಸ್ಯರು ಬರುವ ಮುಂಚೆ ಎರಡು ಎಂಟರ್‌ಪ್ರೈಸ್‌ಗೂ ಹಾಯಿ ಏರಿಸಿ ನೀರಂಚಿನಲ್ಲಿ ನಿಲ್ಲಿಸಿ. ರಿಗ್ ಮಾಡುವುದನ್ನು, ಅಂದರೆ ಮಾಸ್ಟ್, ಹಾಯಿ, ಹಗ್ಗ ಜೋಡಿಸುವುದನ್ನು, ಆಮೇಲೆ ಕಲಿಸಬಹುದು. ಒಂದು ಸಲ ನೀರಿನ ಮೇಲೆ ಹೋಗಿ ಬಂದವರು ಹಗ್ಗದ ಬಗ್ಗೆ ತಾವಾಗಿಯೇ ಕೇಳುತ್ತಾರೆ. ಹೊಸಬರ ಕೈಗೆ ಚುಕ್ಕಾಣಿ ಕೊಡಿ. ಪಳಗಿದವರು ಮುಂದೆ ಕೂತು ಜಿಬ್, ಅಂದರೆ ಮುಂದಿನ ಚಿಕ್ಕ ಹಾಯಿ, ನೋಡಿಕೊಳ್ಳಲಿ. ಎಲ್ಲ ಕಡೆ ಇದನ್ನು ಉಲ್ಟಾ ಮಾಡುತ್ತಾರೆ. ಗೊತ್ತಿದ್ದವರು ಓಡಿಸುತ್ತಾರೆ, ಹೊಸಬರು ಮೂಟೆಯ ಹಾಗೆ ಕೂತಿರುತ್ತಾರೆ, ಇಳಿದು ಥ್ಯಾಂಕ್ಸ್ ಹೇಳಿ ಹೋಗುತ್ತಾರೆ. ಮತ್ತೆ ಬರುವುದಿಲ್ಲ. ಎಂಟರ್‌ಪ್ರೈಸ್ 1956ರಲ್ಲಿ ಬಂದ ಬೋಟ್. ಇಬ್ಬರಿಗೆ ಸರಿಯಾದ ಕೆಲಸ ಇರುತ್ತದೆ. ಚುಕ್ಕಾಣಿ ಹಿಡಿದವರು ತಪ್ಪಿದರೂ ಮುಂದಿನವರು ಜಿಬ್‌ನಿಂದ, ಮೈ ವಾಲಿಸಿ, ಬೋಟನ್ನು ಸರಿ ಮಾಡಬಹುದು.

ಎರಡನೇದು ಲೇಸರ್. ನಿಮ್ಮ ಲೇಸರ್‌ಗಳಿಗೆ ದೊಡ್ಡ ಹಾಯಿ ಇದೆ ಅಂತ ಕಾಣುತ್ತದೆ, 7.06 ಚದರ ಮೀಟರ್‌ನದು. ಅದು ಎಂಬತ್ತು ಕೆ.ಜಿ. ತೂಗುವ, ಹೊಟ್ಟೆಯ ಸ್ನಾಯು ಗಟ್ಟಿ ಇರುವ ಆಳಿಗೆ. ನಮ್ಮಲ್ಲಿ ಐವತ್ತೈದು ಅರವತ್ತು ಕೆ.ಜಿ. ಜನವೇ ಜಾಸ್ತಿ. ಆಷಾಢದ ಗಾಳಿಯಲ್ಲಿ ಅವರನ್ನು ಆ ಹಾಯಿ ಕೆಳಗೆ ಕೂರಿಸಿದರೆ ಮಗುಚುವುದು ಖಂಡಿತ. ಎರಡು ಸಲ ಮಗುಚಿದವರು ಮೂರನೇ ಸಲ ಬರುವುದಿಲ್ಲ. ಅದೇ ಬೋಟಿನ ಒಡಲಿಗೆ ಅದಕ್ಕಿಂತ ಚಿಕ್ಕದಾದ 5.7 ಹಾಯಿ ಇದೆ, 4.7 ಹಾಯಿಯೂ ಇದೆ. ಪೆಡಲ್ ಬೋಟಿಗೆ ದುಡ್ಡು ಹಾಕುವ ಬದಲು ಒಂದು 4.7 ತನ್ನಿ.

ಅದು ಮಕ್ಕಳಾಟದ ಹಾಯಿ ಅಂತ ಯಾರಾದರೂ ಅಂದರೆ ನೇಹಾ ಠಾಕೂರ್ ಹೆಸರು ಹೇಳಿ. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ ಗೆದ್ದ ಹುಡುಗಿ, ಇದೇ ಹಾಯಿಯಲ್ಲಿ. ಮಧ್ಯಪ್ರದೇಶದ ದೇವಾಸ್ ಕಡೆಯವಳು, ಕಲಿತದ್ದು ಭೋಪಾಲದ ದೊಡ್ಡ ಕೆರೆಯಲ್ಲಿ. ಸಮುದ್ರ ಅಲ್ಲಿಂದ ನಮಗಿಂತ ದೂರ. ಆ ಕೆರೆಯೂ ನಮ್ಮ ಕೆರೆಗಳಂತೆ ಯಾವುದೋ ಕಾಲದಲ್ಲಿ ಏರಿ ಹಾಕಿ ಕಟ್ಟಿದ್ದೇ.

ಮಗುಚುವುದನ್ನೂ ಕಲಿಸಿಬಿಡಿ. ಗಾಳಿ ಇಲ್ಲದ ಬೆಳಿಗ್ಗೆ, ಲೈಫ್ ಜಾಕೆಟ್ ಹಾಕಿಸಿ, ಬೇಕಂತಲೇ ಬೋಟ್ ಮಗುಚಿ. ಡ್ಯಾಗರ್‌ಬೋರ್ಡ್ ಮೇಲೆ, ಅಂದರೆ ಬೋಟಿನ ತಳದಿಂದ ನೀರಿಗೆ ಇಳಿಬಿಡುವ ಹಲಗೆಯ ಮೇಲೆ ನಿಂತು, ಅಂಚು ಹಿಡಿದು ಹಿಂದಕ್ಕೆ ವಾಲಿದರೆ ಲೇಸರ್ ನಿಧಾನಕ್ಕೆ ಎದ್ದು ನಿಲ್ಲುತ್ತದೆ. ಹಾಯಿಯಿಂದ ನೀರು ಸುರಿಯುತ್ತದೆ, ಹತ್ತಿ ಕೂತರೆ ಮುಗಿಯಿತು. ಇದನ್ನು ಒಮ್ಮೆ ಕೈಯಾರೆ ಮಾಡಿದವರ ಭಯ ಅರ್ಧಕ್ಕೆ ಇಳಿಯುತ್ತದೆ.

ಸಿದ್ಧಗಂಗೆ ಹತ್ರ ಉತ್ತರ:

ನಾನೂ ಇಂಥದ್ದೇ ಒಂದು ಕ್ಲಬ್ಬಿನಲ್ಲಿ ಫೀ ಕಟ್ಟಿ ಬೋಟ್ ಮುಟ್ಟದೆ ಇದ್ದವಳು. ಯಾವುದು ಅಂತ ಬೇಡ ಬಿಡಿ. ಯಾಕೆ ಮುಟ್ಟಲಿಲ್ಲ ಅಂತ ಹೇಳುತ್ತೇನೆ.

ಒದ್ದೆಯಾದರೆ ಬಟ್ಟೆ ಬದಲಿಸಲು ಜಾಗ ಇರಲಿಲ್ಲ. ಗಂಡಸರಿಗೆ ಟವೆಲ್ ಸುತ್ತಿಕೊಂಡರೆ ಆಯಿತು. ನಾನು ಒದ್ದೆ ಬಟ್ಟೆಯಲ್ಲಿ ಬಸ್ ಹತ್ತಬೇಕಾ? ನಾಲ್ಕು ಶೀಟು, ಒಂದು ಚಿಲಕ, ಒಂದು ಡ್ರಮ್ ನೀರು, ಇಷ್ಟು ಸಾಕಾಗಿತ್ತು. ಸರ್, ನೀವು ಹಾರ್ಡ್‌ವೇರ್ ಅಂಗಡಿಯವರು. ಇದನ್ನು ಒಂದು ವಾರದಲ್ಲಿ ಮಾಡಬಹುದು.

ಲೈಫ್ ಜಾಕೆಟ್ ಎಲ್ಲ ದೊಡ್ಡವರ ಸೈಜ್. ನನಗೆ ಹಾಕಿದರೆ ನೀರಿನಲ್ಲಿ ಕಿವಿವರೆಗೂ ಏರುತ್ತಿತ್ತು. ಈಜು ಬಾರದವಳಿಗೆ ಅದರ ಮೇಲೆ ಹೇಗೆ ನಂಬಿಕೆ ಬರುತ್ತದೆ?

ಮತ್ತೆ ಆ ವಾಟ್ಸಾಪ್ ಮೆಸೇಜ್. ಎಲ್ಲರಿಗೂ ಕಳಿಸಿದ್ದು ಅಂದರೆ ಯಾರಿಗೂ ಕಳಿಸಿದ್ದಲ್ಲ. 'ಶನಿವಾರ ನಾಲ್ಕೂವರೆಗೆ ನಾನು ಇರುತ್ತೇನೆ, ಎಂಟರ್‌ಪ್ರೈಸ್‌ನಲ್ಲಿ ಒಂದು ಸೀಟ್ ನಿಮಗೆ ಇಟ್ಟಿದ್ದೇನೆ, ಬನ್ನಿ' ಅಂತ ಯಾರಾದರೂ ಫೋನ್ ಮಾಡಿದ್ದರೆ ನಾನು ಓಡಿ ಬರುತ್ತಿದ್ದೆ. ಹೆಸರು ಹಿಡಿದು ಕರೆಯಿರಿ. ಹಬ್ಬಕ್ಕೆ ನೆಂಟರನ್ನು ಕರೆಯಲು ಫೋನ್ ಮಾಡುತ್ತೀರಿ ತಾನೇ?

ಕೋಲಾರದ ಮೇಷ್ಟ್ರು ಉತ್ತರ:

ಹೊಟ್ಟೆಕಿಚ್ಚಿನಿಂದ ಓದಿದೆ. ನಮ್ಮಲ್ಲಿ 2018ರಲ್ಲಿ ಕೆ.ಸಿ. ವ್ಯಾಲಿ ನೀರು ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. 126 ಕೆರೆ ತುಂಬಿಸುವ ಯೋಜನೆ ಅದು. ವರ್ಷಗಟ್ಟಲೆ ಒಣಗಿದ್ದ ಕೆರೆಗಳಲ್ಲಿ ನೀರು ಕಂಡಿತು, ಅಂತರ್ಜಲಕ್ಕೂ ಒಳ್ಳೆಯದಾಯಿತು. ಹಾಯಿದೋಣಿ ಬಿಡೋಣ ಅಂತ ನಮ್ಮ ಶಾಲೆಯ ಹುಡುಗರೂ ಕೇಳಿದರು. ಆದರೆ ಅದು ಬೆಂಗಳೂರಿನ ಚರಂಡಿ ನೀರನ್ನು ಎರಡು ಹಂತ ಶುದ್ಧ ಮಾಡಿ ಬಿಡುವ ನೀರು. ಮಗುಚಿದರೆ ಬಾಯಿಗೆ ಹೋಗುತ್ತದೆ. ಮಕ್ಕಳನ್ನು ಇಳಿಸಲು ನನಗೆ ಮನಸ್ಸಾಗಲಿಲ್ಲ. ನಿಮ್ಮದು ಮಳೆ ನೀರಿನ ಕೆರೆ. ಪೆಡಲ್ ಬೋಟ್ ಮಾತಿಗೆ ಒಪ್ಪಬೇಡಿ. ದಸರಾ ರಜಕ್ಕೆ ಏನಾದರೂ ಇಟ್ಟರೆ ನಮ್ಮ ಹುಡುಗರನ್ನು ಕರೆದುಕೊಂಡು ಬರುತ್ತೇನೆ.

ಕೋಡಿ ಪಕ್ಕದವ ಉತ್ತರ:

ನಮ್ಮ ಮನೆಯವರು ಮೀನು ಹಿಡಿಯುವವರು, ನಿಮ್ಮ ಕಡೆಯ ಕೆರೆಗಳೆಲ್ಲ ಗೊತ್ತು. ಬೋಟಿನ ವಿಷಯ ಸ್ಯಾಪರ್ ಸರ್ ಹೇಳಿದರು. ಕೆರೆಯ ವಿಷಯ ನಾನು ಹೇಳುತ್ತೇನೆ.

ನಮ್ಮ ಸೀಮೆಯಲ್ಲಿ ಗಾಳಿ ಇದ್ದಾಗ ನೀರಿರಲ್ಲ, ನೀರಿದ್ದಾಗ ಗಾಳಿ ಇರಲ್ಲ. ಪಡುವಣ ಗಾಳಿ ಜೋರಾಗುವುದು ಜೂನ್ ಜುಲೈನಲ್ಲಿ. ಆಗ ಕೆರೆ ತಳ ಹಿಡಿದಿರುತ್ತದೆ. ನೀರು ಬರುವುದು ಸೆಪ್ಟೆಂಬರ್, ಅಕ್ಟೋಬರ್ ಮಳೆಗೆ. ಆಗ ಗಾಳಿ ಮೆತ್ತಗಾಗಿರುತ್ತದೆ. ವರ್ಷ ಪೂರ್ತಿ ಒಂದೇ ಥರ ನಡೆಸಲು ಹೋದರೆ ಜನ ಬಂದಾಗ ಕೆಸರು, ಇಲ್ಲಾಂದ್ರೆ ನಿಂತ ಹಾಯಿ. ಹೊಸಬರಿಗೆ ಕಲಿಸುವುದನ್ನೆಲ್ಲ ದಸರಾದಿಂದ ಸಂಕ್ರಾಂತಿವರೆಗೆ ಇಟ್ಟುಕೊಳ್ಳಿ. ಕೆರೆ ತುಂಬಿರುತ್ತದೆ, ಗಾಳಿ ಹೆದರಿಸುವುದಿಲ್ಲ. ಏಪ್ರಿಲ್, ಮೇ ಸಂಜೆ ಮಳೆ ಮೋಡ ಕಟ್ಟಿದರೆ ಯಾರನ್ನೂ ಬಿಡಬೇಡಿ. ಆ ಗಾಳಿ ಯಾವ ದಿಕ್ಕಿನಿಂದ ಬೀಳುತ್ತದೋ ಹೇಳಲು ಬರಲ್ಲ, ಸಿಡಿಲೂ ಇರುತ್ತದೆ. ಆಷಾಢ ಪಳಗಿದವರದು. ಅವರೂ ತೂಬಿನ ಹತ್ತಿರ ಆಳ ಇರುವ ಕಡೆಗೇ ಇರಬೇಕು. ಅಂಚಿನಲ್ಲಿ ಗೋಡು ಜಾಸ್ತಿ, ಮಗುಚಿದರೆ ಮಾಸ್ಟ್ ತುದಿ ಅದರಲ್ಲಿ ಹೂತುಕೊಳ್ಳುತ್ತದೆ.

ಕೆರೆ ಅಂಗಳದ ಜಾಲಿ ಮರಗಳನ್ನು ಕಡಿದಿದ್ದರೆ ಬೊಡ್ಡೆ ನೀರೊಳಗೆ ಹಾಗೇ ಇರುತ್ತದೆ. ಬೇಸಿಗೆಯಲ್ಲಿ ನೀರಿಳಿದಾಗ ನಡೆದು ನೋಡಿ, ಬೊಡ್ಡೆ ಇರುವ ಕಡೆಯೆಲ್ಲ ಖಾಲಿ ಕ್ಯಾನ್ ಕಟ್ಟಿ. ನೀರು ಬಂದ ಮೇಲೆ ಅವೇ ತೇಲಿ ಗುರುತು ತೋರಿಸುತ್ತವೆ.

ಇನ್ನೊಂದು ಮುಖ್ಯ ಮಾತು. ಕೆರೆಯ ಮೀನು ಹರಾಜಿನಲ್ಲಿ ಹಿಡಿದವರು ಇರುತ್ತಾರೆ. ಅವರ ಬಲೆ ನಿಮ್ಮ ಚುಕ್ಕಾಣಿಗೆ ಸಿಕ್ಕಿ ಹರಿದರೆ ಜಗಳ ಗ್ಯಾರಂಟಿ. ಆ ಜಗಳ ನೋಡಿದ ಸದಸ್ಯರೂ ಬರಲು ಹಿಂಜರಿಯುತ್ತಾರೆ. ಅವರಲ್ಲಿ ಒಬ್ಬರನ್ನು ನಿಮ್ಮ ದಿನಗಳಲ್ಲಿ ಕೂಲಿ ಕೊಟ್ಟು ಹರಿಗೋಲಿನ ಸಮೇತ ಇಟ್ಟುಕೊಳ್ಳಿ. ಯಾರಾದರೂ ಮಗುಚಿದರೆ ಮೊದಲು ತಲುಪುವುದು ಅವರೇ. ಬಲೆ ಎಲ್ಲಿದೆ ಅಂತಲೂ ಅವರೇ ಹೇಳುತ್ತಾರೆ.

ತುಮಕೂರು ಹಾಯಿ ಉತ್ತರ:

ಎಲ್ಲರಿಗೂ ಕೈಮುಗಿದೆ. ಒಬ್ಬೊಬ್ಬರ ಮಾತನ್ನೂ ಸಮಿತಿಯಲ್ಲಿ ಓದಿ ಹೇಳಿದೆ.

ಅಕ್ಕ, ಬಟ್ಟೆ ಬದಲಿಸುವ ಕೋಣೆ ಎದ್ದಿದೆ. ಶೀಟು, ಚಿಲಕ, ಗೂಟ, ಕನ್ನಡಿ ಎಲ್ಲ ಅಂಗಡಿಯಿಂದಲೇ ಹೋಯಿತು. ಚಿಕ್ಕ ಸೈಜಿನ ಜಾಕೆಟ್‌ಗೆ ಆರ್ಡರ್ ಕೊಟ್ಟಿದ್ದೇವೆ. ಬೀಗದ ಕೈ ಒಂದು ಇನ್ನು ಮೇಲೆ ತೂಬಿನ ಹತ್ತಿರದ ಟೀ ಅಂಗಡಿಯಲ್ಲಿ ಇರುತ್ತದೆ. ಮೀನಿನವರ ಜೊತೆಯೂ ಮಾತಾಯಿತು. ಅವರ ಮಗನೇ ಹರಿಗೋಲು ತರುತ್ತಾನೆ, ಅವನಿಗೆ ಹಾಯಿ ಕಲಿಯುವ ಆಸೆಯಂತೆ. ಕಲಿಯಲಿ, ಅವನಿಗೆ ಫೀ ಬೇಡ ಅಂತ ತೀರ್ಮಾನ ಮಾಡಿದೆವು.

ಸದಸ್ಯರಿಗೆ ದಿನಾ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಇಬ್ಬಿಬ್ಬರಿಗೆ ಫೋನ್ ಮಾಡುತ್ತಿದ್ದೇನೆ. ಎಷ್ಟು ವಿಷಯ ಹೊರಗೆ ಬಂತು ಅಂದರೆ! ಒಬ್ಬರಿಗೆ ಮಂಡಿ ನೋವು, ಲೇಸರ್‌ನಲ್ಲಿ ಬಗ್ಗಿ ಕೂರಲು ಆಗಲ್ಲ, ಎಂಟರ್‌ಪ್ರೈಸ್ ಆದರೆ ಬರುತ್ತೇನೆ ಅಂದರು. ಇನ್ನೊಬ್ಬರು 'ಆಪ್ಟಿಮಿಸ್ಟ್‌ಗೆ ನನ್ನ ಮಗಳನ್ನು ಸೇರಿಸುತ್ತೀರಾ' ಅಂತ ಕೇಳಿದರು. ಅದು ಇರುವುದೇ ಹದಿನೈದು ವರ್ಷದೊಳಗಿನವರಿಗೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಮೇಷ್ಟ್ರೇ, ದಸರಾ ರಜದಲ್ಲಿ ಮಕ್ಕಳ ವಾರ ಇಟ್ಟಿದ್ದೇವೆ. ಕರೆದುಕೊಂಡು ಬನ್ನಿ, ಊಟ ನಮ್ಮದು.

ಪೆಡಲ್ ಬೋಟ್ ಮಾತು ಈ ವರ್ಷಕ್ಕೆ ನಿಂತಿದೆ. ಸ್ಯಾಪರ್ ಸರ್, 4.7ಕ್ಕೆ ಹಾಯಿ ಒಂದು ತಂದರೆ ಸಾಕಾ, ಮಾಸ್ಟ್ ಕೂಡ ಬದಲಿಸಬೇಕಾ?

ಹಳೇ ಸ್ಯಾಪರ್ ಉತ್ತರ:

ಕೆಳಗಿನ ಮಾಸ್ಟ್ ಬೇರೆ ಬೇಕು, ಅದು ಗಿಡ್ಡ. ಮೇಲಿನ ತುಂಡು, ಬೂಮ್ ಅನ್ನುವ ಹಾಯಿಯ ಬುಡದ ಅಡ್ಡಕೋಲು, ಚುಕ್ಕಾಣಿ, ಡ್ಯಾಗರ್‌ಬೋರ್ಡ್ ಎಲ್ಲ ನಿಮ್ಮಲ್ಲಿ ಇರುವುದೇ ಸಾಕು. ಹಾಯಿ ಹಳೆಯದಾದರೂ ಪರವಾಗಿಲ್ಲ, ಕಲಿಯುವವರಿಗೆ ನಡೆಯುತ್ತದೆ. ಮಾಸ್ಟ್ ಮಾತ್ರ ಬಿರುಕು ಇಲ್ಲದ್ದು ನೋಡಿ ತನ್ನಿ. ಆ ಕೆಳಗಿನ ತುಂಡು ಸ್ವಲ್ಪ ಹಿಂದಕ್ಕೆ ಬಾಗಿರುತ್ತದೆ. ಬಾಗಿದೆ ಅಂತ ವಾಪಸ್ ಕಳಿಸಬೇಡಿ, ಅದನ್ನು ಮಾಡುವುದೇ ಹಾಗೆ. ಬಂದ ಮೇಲೆ ಎರಡೂ ಬಾಯಿಗೆ ಬಟ್ಟೆ ತುರುಕಿಡಿ, ಹುಳ ಹೋಗುವುದಿಲ್ಲ.