ಗಂಡನೆಂಬ ಏಳು ಅಂಕದ ನಷ್ಟ

“ನನ್ನನ್ನು ಬಿಟ್ಟು ಕೆನಡಾಕ್ಕೆ ಹೋದರೆ ವಸುಧಾಳಿಗೆ ಏಳು ಅಂಕ ಲಾಭವಂತೆ” ಎನ್ನುತ್ತಾ ಮಾಧವ ಒಂದು ಹಾಳೆಯನ್ನು ಹಿಡಿದುಕೊಂಡು ಒಳಕೋಣೆಯಿಂದ ಬಂದಾಗ, ರಾಯರು ಪತ್ರಿಕೆಯಿಂದ ತಲೆಯನ್ನೂ ಎತ್ತದೆ, “ಬರೀ ಏಳೇ? ನಾನು ಇನ್ನೂ ಹೆಚ್ಚಿರಬಹುದೆಂದುಕೊಂಡಿದ್ದೆ” ಎಂದರು.

ಭಾನುವಾರದ ಬೆಳಗಾದ್ದರಿಂದ ನಾವು ಎಂದಿನಂತೆ ಮಾಧವನ ಮನೆಯಲ್ಲಿ ಸೇರಿದ್ದೆವು. ಈ ಮನೆಯಲ್ಲಿ ಇರುವುದು ಮೂರೇ ಕುರ್ಚಿಗಳು. ನಾಲ್ಕನೆಯದೊಂದನ್ನು ತರಬಾರದೇ ಎಂದು ಐದು ವರ್ಷಗಳ ಹಿಂದೆ ನಾನು ಕೇಳಿದ್ದಕ್ಕೆ, “ಹೇಗೂ ಹೋಗುವವರಲ್ಲವೇ, ಸುಮ್ಮನೆ ಏಕೆ?” ಎಂಬ ಉತ್ತರ ಬಂದಿತ್ತು. ಅಂದಿನಿಂದ, ಕಡೆಗೆ ಬಂದವರು ಸೂಟ್‌ಕೇಸಿನ ಮೇಲೆ ಕುಳಿತುಕೊಳ್ಳುವುದು ವಾಡಿಕೆಯಾಗಿದೆ. ಕೆನಡಾಕ್ಕೆಂದೇ ಕೊಂಡ, ಅಂಗಡಿಯ ಚೀಟಿಯನ್ನೂ ಇನ್ನೂ ಕಿತ್ತಿರದ ಆ ಸೂಟ್‌ಕೇಸು ಒಂದು ದಿನವೂ ಪ್ರಯಾಣ ಮಾಡದೆ, ಕೇವಲ ನಮ್ಮ ಭಾರಕ್ಕೇ ಒಂದು ಗಾಲಿಯನ್ನು ಕಳೆದುಕೊಂಡಿದೆ. ಅಂದು ಕಡೆಗೆ ಬಂದವನು ನಾನಾದ್ದರಿಂದ, ಮುಂದಿನ ಮಾತುಕತೆಯನ್ನೆಲ್ಲ ನಾನು ಎಡಕ್ಕೆ ವಾಲಿಕೊಂಡೇ ನಡೆಸಿದೆನೆಂದು ಓದುಗರು ತಿಳಿಯಬೇಕು.

“ಏಳು ಅಂಕವೆಂದರೆ ಹುಡುಗಾಟವಲ್ಲ, ಒಂದೇ ಅಂಕದಲ್ಲಿ ಕಟಾಫ್ ತಪ್ಪಿಸಿಕೊಂಡು ವರ್ಷಗಟ್ಟಲೆ ಕಾಯುತ್ತಿರುವವರಿದ್ದಾರೆ” ಎಂದು ಗೋಪಿ ಗಂಭೀರನಾದ. ಗೋಪಿಗೆ ಎಲ್ಲಿಗೂ ಹೋಗುವ ಉದ್ದೇಶವಿಲ್ಲ. ಆದರೆ ಎಲ್ಲ ದೇಶಗಳ ವಲಸೆಯ ನಿಯಮಗಳೂ ಅವನಿಗೆ ಬಾಯಿಪಾಠ.

“ಲೆಕ್ಕವನ್ನು ಬಿಡಿಸಿ ಹೇಳು. ಏಳು ಎಲ್ಲಿಂದ ಬಂತು?” ಎಂದೆ.

ಮಾಧವ ಹಾಳೆಯನ್ನು ಮೇಜಿನ ಮೇಲೆ ಹರಡಿದ. ಮೇಜು ಅಲುಗಾಡಿತು. ಅದರ ಒಂದು ಕಾಲಿನ ಕೆಳಗೆ ಮಡಚಿ ಇಟ್ಟ ಕಾಗದವೊಂದು ಸರಿದಿತ್ತು. ಬಗ್ಗಿ ನೋಡಿದರೆ, ಅದು ಎರಡು ವರ್ಷ ತುಂಬಿ ಅಸಿಂಧುವಾದ ಅವನದೇ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಫಲಿತಾಂಶ! ಅದನ್ನು ಒತ್ತಿ ಸರಿಪಡಿಸಿ ಅವನು ವಿವರಿಸತೊಡಗಿದ: ವಲಸೆ ಬರುವವರನ್ನು ಅಂಕ ಹಾಕಿ ಆರಿಸುವ ಕೆನಡಾದವರ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಒಟ್ಟು 1,200 ಅಂಕಗಳು. ದಂಪತಿಗಳಲ್ಲಿ ಒಬ್ಬರು ಮುಖ್ಯ ಅರ್ಜಿದಾರರು, ಇನ್ನೊಬ್ಬರು ಜೊತೆಗೆ ಹೋಗುವವರು. ಜೊತೆಗೆ ಹೋಗುವವರು ಎಷ್ಟೇ ಮೇಧಾವಿಗಳಾದರೂ ಅವರಿಂದ ಸಿಗುವುದು ಹೆಚ್ಚೆಂದರೆ 40 ಅಂಕ.

“ಅದರಲ್ಲಿ ಓದಿಗೆ 10, ಭಾಷೆಗೆ 20, ಕೆನಡಾದಲ್ಲಿಯೇ ದುಡಿದ ಅನುಭವಕ್ಕೆ 10. ಅಲ್ಲಿ ಕಾಲಿಡದವನಿಗೆ ಕಡೆಯ ಹತ್ತು ಇಲ್ಲ. ನನ್ನ ಪದವಿಗೆ ಎಂಟು. ಇಂಗ್ಲಿಷಿನ ನಾಲ್ಕು ವಿಭಾಗಗಳಲ್ಲಿ ಮೂರು ಮೂರರಂತೆ ಹನ್ನೆರಡು. ಒಟ್ಟು ಇಪ್ಪತ್ತು.”

“ಅಂದರೆ ನೀನು 20 ಅಂಕದ ಆಸ್ತಿಯಾದೆ. ನಷ್ಟ ಎಲ್ಲಿ?”

“ಅರ್ಜಿದಾರರು ಒಬ್ಬರೇ ಹೋಗುವುದಾದರೆ ಅವರ ಸ್ವಂತ ಅಂಕಗಳು ಏರುತ್ತವೆ. ವಸುಧಾಳಿಗೆ 30 ವರ್ಷ. ನನ್ನ ಜೊತೆ ಹೋದರೆ ವಯಸ್ಸಿಗೆ 95, ಒಂಟಿಯಾಗಿ ಹೋದರೆ 105. ಸ್ನಾತಕೋತ್ತರ ಪದವಿಗೆ ನನ್ನ ಜೊತೆ 126, ಒಂಟಿಯಾಗಿ 135. ಭಾಷೆಯ ಒಂದೊಂದು ವಿಭಾಗಕ್ಕೂ ಎರಡೆರಡು ಹೆಚ್ಚು. ಹತ್ತು, ಒಂಬತ್ತು, ಎಂಟು. ಒಟ್ಟು ಇಪ್ಪತ್ತೇಳು.”

ಇಪ್ಪತ್ತೇಳರಲ್ಲಿ ಇಪ್ಪತ್ತು ಹೋದರೆ ಏಳು. ಕೋಣೆಯಲ್ಲಿ ಸ್ವಲ್ಪ ಹೊತ್ತು ಮೌನ ನೆಲೆಸಿತು. ಗಂಡಂದಿರ ಬೆಲೆಯ ಬಗ್ಗೆ ಹೆಂಡಂದಿರಲ್ಲಿ ಬಗೆಬಗೆಯ ಅಂದಾಜುಗಳಿರುತ್ತವೆ. ಒಂದು ಸರ್ಕಾರವೇ ಕೋಷ್ಟಕ ಹಾಕಿ ಇಷ್ಟು ಕರಾರುವಾಕ್ಕಾಗಿ ಹೇಳಿದ್ದನ್ನು ನಾನು ಕಂಡದ್ದು ಅದೇ ಮೊದಲು.

“ನಮ್ಮ ಹಿರಿಯರ ಕಾಲದಲ್ಲಿ ಹೋಗುವವರು ಹಡಗು ಹತ್ತಿ ಹೋಗಿಬಿಡುತ್ತಿದ್ದರು. ಹೋದಮೇಲೆ ಎಷ್ಟೋ ತಿಂಗಳಿಗೆ ಒಂದು ಕಾಗದ ಬರುತ್ತಿತ್ತು. ಈಗಿನವರು ಕಾಗದವನ್ನು ಮೊದಲು ಕಳಿಸುತ್ತಾರೆ, ಹೋಗುವುದು ಮಾತ್ರ ಗೊತ್ತಿಲ್ಲ” ಎಂದು ರಾಯರು ಪತ್ರಿಕೆಯನ್ನು ಮಡಚಿದರು.

“ಹಾಗೇನಿಲ್ಲ ರಾಯರೇ, ಈ ಅಂಕಗಳ ಪದ್ಧತಿಯನ್ನು ಕೆನಡಾ ಆರಂಭಿಸಿದ್ದು 1967ರಲ್ಲಿ. ಆಗ ಇದ್ದದ್ದು ನೂರೇ ಅಂಕ, ಐವತ್ತು ಬಂದರೆ ಸಾಕಿತ್ತು” ಎಂದು ಗೋಪಿ ತಿದ್ದಿದ.

“ಅದರಲ್ಲಿ 15 ಅಂಕಗಳು ಅಧಿಕಾರಿಯ ಕೈಯಲ್ಲಿದ್ದವು. ಎದುರಿಗೆ ಕುಳಿತವನ ಹೊಂದಿಕೊಳ್ಳುವ ಗುಣವನ್ನೂ ಉತ್ಸಾಹವನ್ನೂ ಅಳೆದು ಕೊಡುತ್ತಿದ್ದರು” ಎಂದು ನಾನೂ ಸೇರಿಸಿದೆ. “ಮಾಧವನಿಗೆ ಆ ಹದಿನೈದೂ ಖಂಡಿತ ಸಿಗುತ್ತಿದ್ದವು, ಅವನು ತನ್ನ ಫೈಲನ್ನು ಮನೆಯಲ್ಲಿ ಬಿಟ್ಟುಹೋಗಿದ್ದರೆ.”

ಆ ಫೈಲಿನ ವಿಷಯವನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ನನ್ನ ಹೊಟ್ಟೆಯುರಿಯೆಲ್ಲ ಇರುವುದು ಅದರ ಮೇಲೆಯೇ. ವಿದೇಶಕ್ಕೆ ಹೋಗುವವರ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಹೋಗಲಿರುವವರನ್ನು ಸಹಿಸುವುದೇ ಕಷ್ಟ. ಈ ದಂಪತಿಗಳ ಫೈಲು ತಲೆದಿಂಬಿನಷ್ಟು ದಪ್ಪವಿದೆ, ಅದರಲ್ಲಿ ಬಣ್ಣಬಣ್ಣದ ವಿಭಾಗಪಟ್ಟಿಗಳಿವೆ, ಮತ್ತು ಅದರೊಳಗಿನ ಒಂದೊಂದು ಕಾಗದವೂ ಬೇರೆ ಬೇರೆ ವೇಗದಲ್ಲಿ ಹಳಸುತ್ತಿರುತ್ತದೆ. ಭಾಷಾ ಪರೀಕ್ಷೆಯ ಫಲಿತಾಂಶಕ್ಕೆ ಎರಡು ವರ್ಷ ಆಯುಸ್ಸು. ಪದವಿಯನ್ನು ಅಲ್ಲಿನ ಪದವಿಗೆ ಸರಿದೂಗಿಸಿ ಕೊಡುವ ವರದಿಗೆ ಐದು ವರ್ಷ. ಎಕ್ಸ್‌ಪ್ರೆಸ್ ಎಂಟ್ರಿಯ ಪ್ರೊಫೈಲಿಗೆ ಹನ್ನೆರಡು ತಿಂಗಳು. ಆಹ್ವಾನವೇನಾದರೂ ಬಂದರೆ ಪೂರ್ಣ ಅರ್ಜಿಯನ್ನು ಸಲ್ಲಿಸಲು 60 ದಿನ. ಒಂದು ಹದಕ್ಕೆ ಬರುವಷ್ಟರಲ್ಲಿ ಇನ್ನೊಂದು ಹುಳಿಯುತ್ತದೆ, ಅದನ್ನು ಚೆಲ್ಲಿ ಹೊಸದನ್ನು ಒಲೆಗಿಡುವಷ್ಟರಲ್ಲಿ ಮೊದಲಿನದು ತಳ ಹಿಡಿಯುತ್ತದೆ. ಎಲ್ಲವೂ ಒಂದೇ ದಿನ ಬಿಸಿಯಾಗಿದ್ದುದನ್ನು ಈ ಐದು ವರ್ಷಗಳಲ್ಲಿ ಯಾರೂ ಕಂಡಿಲ್ಲ.

“ಮೊದಲನೆಯ ವರ್ಷವೇ ಅರ್ಜಿ ಹಾಕಿದ್ದರೆ ಆಗುತ್ತಿತ್ತೋ ಏನೋ. ಕೆನಡಾದ ಹೊರಗಿನ ಕೆಲಸದ ಅನುಭವ ಮೂರು ವರ್ಷವಿದ್ದರೆ ಅಂಕ ಹೆಚ್ಚು ಬರುತ್ತದೆಯೆಂದು ಕಾದೆವು” ಎಂದ ಮಾಧವ.

“ಅನುಭವ ತುಂಬಿತು, ಜೊತೆಗೆ ವಯಸ್ಸೂ ತುಂಬಿತು” ಎಂದೆ. ಇಪ್ಪತ್ತೊಂಬತ್ತರವರೆಗೆ ವಯಸ್ಸಿನ ಅಂಕ ಕದಲುವುದಿಲ್ಲ. ಮೂವತ್ತಕ್ಕೆ ಐದು ಉದುರುತ್ತದೆ. ವಸುಧಾಳಿಗೆ ಮೂವತ್ತು ತುಂಬಿದ ದಿನ ನಾವೆಲ್ಲ ಶುಭಾಶಯ ಹೇಳಲು ಹೋದರೆ, ಬಾಗಿಲು ತೆರೆದ ಮಾಧವ ಸಾವಿನ ಮನೆಯವನಂತೆ ದನಿ ತಗ್ಗಿಸಿ, “ಐದು ಹೋಯಿತು” ಎಂದಿದ್ದ.

ಗೋಪಿ ಸಮಾಧಾನಕ್ಕೆ ನಿಂತ. “2021ರ ಫೆಬ್ರವರಿ 13 ನೆನಪಿದೆಯೇ? ಅಂದು ಕಟಾಫ್ ಇಳಿದದ್ದು 75ಕ್ಕೆ! ಒಂದೇ ದಿನ 27,332 ಜನರಿಗೆ ಆಹ್ವಾನ. ಅಂಥ ದಿನ ಮತ್ತೆ ಬರಬಹುದು.”

ನೆನಪಿಲ್ಲದೆ ಏನು? ಆ ಸುದ್ದಿ ಕೇಳಿದ ಮಾಧವ ನನ್ನನ್ನು ನಿದ್ದೆಯಿಂದ ಎಬ್ಬಿಸಿ, ತನ್ನ ಗಡಿಯಾರವನ್ನೂ ಎರಡು ಹೂಕುಂಡಗಳನ್ನೂ ನನಗೆ ದಾನ ಮಾಡಿದ್ದ. ಆ ಸುತ್ತು ಕೆನಡಾದಲ್ಲಿ ಈಗಾಗಲೇ ಕೆಲಸ ಮಾಡಿದ ಅನುಭವವುಳ್ಳವರಿಗೆ ಮಾತ್ರವೆಂದು ತಿಳಿದದ್ದು ಬೆಳಗಾದ ಮೇಲೆ. ಗಡಿಯಾರವನ್ನು ಹಿಂದಿರುಗಿಸಿದೆ. ಹೂಕುಂಡಗಳನ್ನು ಅವನು ವಾಪಸು ತೆಗೆದುಕೊಳ್ಳಲಿಲ್ಲ. ಹೇಗೂ ಹೋಗುವವರಲ್ಲವೇ.

ಆಮೇಲಿನ ಕಥೆಯೂ ಇದೇ ಧಾಟಿಯದು. ಅಲ್ಲಿನ ಕೆಲಸದ ಕರೆ ಕೈಯಲ್ಲಿದ್ದರೆ 50 ಅಂಕ ಹೆಚ್ಚೆಂದು ವಸುಧಾ ಕಂಡಕಂಡ ಕಂಪನಿಗಳಿಗೆ ಬರೆಯುತ್ತಾ ಕುಳಿತಳು. 2025ರ ಮಾರ್ಚಿನಲ್ಲಿ ಆ ಅಂಕಗಳನ್ನೇ ತೆಗೆದುಹಾಕಿದರು. ಫ್ರೆಂಚ್ ಬಲ್ಲವರಿಗೆ 50ರವರೆಗೆ ಹೆಚ್ಚುವರಿ ಅಂಕವಿದೆಯೆಂದು ಮಾಧವ ಒಂದು ವರ್ಷ ಫ್ರೆಂಚ್ ಕಲಿತ. ಮೇಜು ಹೆಣ್ಣೆಂಬುದನ್ನು ಅವನು ಮನದಟ್ಟು ಮಾಡಿಕೊಳ್ಳುವ ಹೊತ್ತಿಗೆ, ಆ ಅಂಕ ಮುಖ್ಯ ಅರ್ಜಿದಾರರ ಫ್ರೆಂಚಿಗೆ ಮಾತ್ರ, ಗಂಡನ ಫ್ರೆಂಚಿಗೆ ಸೊನ್ನೆಯೆಂದು ಗೋಪಿಯೇ ಪತ್ತೆಹಚ್ಚಿದ. ಇಷ್ಟಾದರೂ ಮಾಧವ ಇಂದಿಗೂ ಆ ಮೇಜನ್ನು ಎಳೆಯುವಾಗ ಒಂದಿಷ್ಟು ಮರ್ಯಾದೆ ತೋರಿಸುತ್ತಾನೆ.

“ಅದಿರಲಿ, ಈ ಏಳು ಅಂಕಕ್ಕೆ ಏನು ಮಾಡುತ್ತೀರಿ?” ಎಂದು ರಾಯರು ವಿಷಯಕ್ಕೆ ಬಂದರು.

“ಗಂಡ ಜೊತೆಗೆ ಬರುವುದಿಲ್ಲವೆಂದು ನಮೂದಿಸಿದರೆ ಒಂಟಿಯವರಂತೆಯೇ ಲೆಕ್ಕ ಹಾಕುತ್ತಾರೆ” ಎಂದ ಗೋಪಿ. “ಆದರೆ ಒಂದು ತೊಡಕಿದೆ. ಕೈಯಲ್ಲಿ ಇಷ್ಟು ಹಣವಿದೆಯೆಂದು ತೋರಿಸಬೇಕಲ್ಲ, ಅಲ್ಲಿ ಗಂಡ ಬಾರದಿದ್ದರೂ ಇಬ್ಬರ ಸಂಸಾರವೆಂದೇ ಲೆಕ್ಕ. ವೈದ್ಯಕೀಯ ಪರೀಕ್ಷೆಗೂ ಅವನು ಹೋಗಬೇಕು.”

“ಅಂದರೆ ಅಂಕಕ್ಕೆ ಗಂಡನಿಲ್ಲ, ಹಣಕ್ಕೆ ಮಾತ್ರ ಇದ್ದಾನೆ. ಇದನ್ನು ತಿಳಿಯುವುದಕ್ಕೆ ಕೆನಡಾದವರೆಗೆ ಹೋಗಬೇಕಾಗಿರಲಿಲ್ಲ” ಎಂದೆ.

“ಬರುವ ಮನಸ್ಸಿಟ್ಟುಕೊಂಡು ಬರುವುದಿಲ್ಲವೆಂದು ಬರೆದರೆ ಅದು ಸುಳ್ಳಲ್ಲವೇ?” ಎಂದು ರಾಯರು ಹುಬ್ಬು ಗಂಟಿಕ್ಕಿದರು. ಹೌದು, ಸುಳ್ಳು ಮಾಹಿತಿಯೆಂದು ಸಾಬೀತಾದರೆ ಐದು ವರ್ಷ ಆ ದೇಶದ ಬಾಗಿಲು ಮುಚ್ಚುತ್ತದೆಯೆಂದು ಗೋಪಿ ಒಪ್ಪಿಕೊಂಡ. “ಐದು ವರ್ಷವೇ? ಅದೇನು ದೊಡ್ಡ ಶಿಕ್ಷೆ? ಇವರು ನಿಜ ಹೇಳಿಕೊಂಡೇ ಐದು ವರ್ಷ ಹೊರಗಿದ್ದಾರಲ್ಲ” ಎಂದು ನನ್ನ ಬಾಯಿಂದ ಬಂದದ್ದಕ್ಕೂ ವಸುಧಾ ಒಳಗಿನಿಂದ ಬಂದದ್ದಕ್ಕೂ ಸರಿಹೋಯಿತು.

ಅವಳ ಕೈಯಲ್ಲಿ ಫೈಲಿತ್ತು. “ನೀವು ನಗುತ್ತೀರಿ. ಆದರೆ ಯೋಜನೆಯಿಲ್ಲದೆ ದೇಶ ಬಿಡುವುದು ಹೇಗೆ, ಹೇಳಿ. ಒಬ್ಬರಾಗಿದ್ದರೆ ಹೇಗೋ ಆಗುತ್ತಿತ್ತು. ಇಬ್ಬರೆಂದಾಗ ಎರಡು ನೌಕರಿ, ಎರಡು ಪರೀಕ್ಷೆ, ಎರಡು ಮನೆಯವರ ಒಪ್ಪಿಗೆ. ಇವರಿಗೆ ಧೈರ್ಯ ಬಂದ ವರ್ಷ ನನಗೆ ಬರುವುದಿಲ್ಲ, ನನಗೆ ಬಂದ ವರ್ಷ ಇವರಿಗೆ ಇರುವುದಿಲ್ಲ.”

ಈ ಮಾತಿನಲ್ಲಿ ತೂಕವಿತ್ತು. ನಾನು ಸುಮ್ಮನಾಗಬಹುದಿತ್ತು. ಆದರೆ ನನ್ನ ಕಣ್ಣು ಗೋಡೆಯ ಕಡೆಗೆ ಹೋಯಿತು. ಅವರ ಮದುವೆಯ ಭಾವಚಿತ್ರ ಇಂದಿಗೂ ನೆಲದ ಮೇಲೆ ಗೋಡೆಗೊರಗಿ ನಿಂತಿದೆ. ಹೇಗೂ ಹೋಗುವವರು ಮೊಳೆ ಹೊಡೆಯುವುದೇಕೆಂದು ಇಟ್ಟದ್ದು. ಐದು ವರ್ಷ ಗುಡಿಸುವಾಗ ಪೊರಕೆ ತಗುಲಿ ತಗುಲಿ ಚೌಕಟ್ಟಿನ ಕೆಳಗಿನ ಬಣ್ಣ ಹೋಗಿದೆ. ಇನ್ನೂ ಒಂದು ವಿಷಯವನ್ನು ಇವರು ‘ಅಲ್ಲಿ ಹೋದಮೇಲೆ’ ಎಂದು ಮುಂದೂಡಿರುವುದು ನಮಗೆಲ್ಲ ಗೊತ್ತು. ರಾಯರು ಅದನ್ನು ಕೇಳಲು ಬಾಯಿ ತೆರೆಯುತ್ತಿದ್ದಂತೆ ನಾನು ಅವರ ಪಾದವನ್ನು ಮೆಲ್ಲನೆ ತುಳಿದೆ.

“ವಸುಧಾ, ಅಲ್ಲಿನ ಕಾಯಂ ನಿವಾಸಿಯಾಗಿ ಉಳಿಯಬೇಕಾದರೆ ಐದು ವರ್ಷಗಳಲ್ಲಿ ಎಷ್ಟು ದಿನ ಅಲ್ಲಿರಬೇಕು?” ಎಂದು ಕೇಳಿದೆ.

“730 ದಿನ” ಎಂದಳು ಥಟ್ಟನೆ.

“ಕಳೆದ ಐದು ವರ್ಷಗಳಲ್ಲಿ ಈ ಮನೆಯಲ್ಲಿ ನೀವಿಬ್ಬರೂ 730 ದಿನ ಇದ್ದಿರೇನು?”

ಅವಳು ಉತ್ತರ ಕೊಡಲಿಲ್ಲ. ಮಾಧವನಂತೂ ಮೇಜಿನ ಕಾಲಿನ ಕಡೆಗೆ ಬಗ್ಗಿದ. ತಮಾಷೆ ಹದ ಮೀರಿತೆಂದು ನನಗೂ ಅನ್ನಿಸಿ, ಅದನ್ನು ಮರೆಸಲೆಂದು ಅವನ ಹಾಳೆಯನ್ನು ಎಳೆದುಕೊಂಡು ಹಿಂಬದಿಯಲ್ಲಿ ಲೆಕ್ಕ ಬರೆಯತೊಡಗಿದೆ. ವಯಸ್ಸಿನ ಕೋಷ್ಟಕವನ್ನು ಗೋಪಿ ಹೇಳುತ್ತಾ ಹೋದ. ಬರೆಯುತ್ತಾ ಹೋದಂತೆ ನನಗೆ ನಗು ಬರತೊಡಗಿತು.

“ಮಾಧವ, ಇಲ್ಲಿ ನೋಡು. ಓದು ಮತ್ತು ಭಾಷೆಯಲ್ಲಿ ನಿನ್ನಿಂದಾಗುವ ನಷ್ಟ ಹದಿನೇಳು. ಅದು ಎಂದಿಗೂ ಬದಲಾಗುವುದಿಲ್ಲ. ವಯಸ್ಸಿನಲ್ಲಿ ಆಗುವ ನಷ್ಟ ಈಗ ಹತ್ತು. ಆದರೆ ಅವಳಿಗೆ ವಯಸ್ಸಾದಂತೆ ಅದು ಕರಗುತ್ತದೆ. ಮುಂದಿನ ವರ್ಷ ನಿನ್ನ ಜೊತೆ ಹೋದರೆ ಸಿಗುವ 90ಕ್ಕೆ ಒಂಟಿಯಾಗಿ 99, ನಷ್ಟ ಒಂಬತ್ತು. ಮೂವತ್ತೈದಕ್ಕೆ 70ಕ್ಕೆ 77, ನಷ್ಟ ಏಳು. ನಲವತ್ತಕ್ಕೆ 45ಕ್ಕೆ 50, ಐದು. ನಲವತ್ತೆರಡಕ್ಕೆ 25ಕ್ಕೆ 28, ಮೂರೇ ಮೂರು. ಹದಿನೇಳೂ ಮೂರೂ ಇಪ್ಪತ್ತು, ನೀನು ತರುವುದೂ ಇಪ್ಪತ್ತು. ವಸುಧಾಳಿಗೆ ನಲವತ್ತೆರಡು ತುಂಬಿದ ದಿನ ನೀನು ಅವಳಿಗೆ ಲಾಭವೂ ಅಲ್ಲ, ನಷ್ಟವೂ ಅಲ್ಲ!”

“ಆಮೇಲೆ?” ಎಂದ ಮಾಧವ, ಮೇಜಿನ ಕೆಳಗಿನಿಂದಲೇ.

“ನಲವತ್ತೈದಕ್ಕೆ ಮೂರು ಅಂಕ ಲಾಭ.”

“ನಲವತ್ತೈದಕ್ಕೆ ವಯಸ್ಸಿನ ಅಂಕ ಪೂರ್ತಿ ಸೊನ್ನೆಯಾಗುತ್ತದೆ. ಆಗ ಲಾಭವಾಗಿ ಏನು ಪ್ರಯೋಜನ? ಯಾರೂ ಕರೆಯುವುದಿಲ್ಲ” ಎಂದು ಗೋಪಿ ಎಚ್ಚರಿಸಿದ.

“ಯಾರೂ ಕರೆಯದ ವಯಸ್ಸಿನಲ್ಲಿ ಉಪಯೋಗಕ್ಕೆ ಬರಲೆಂದೇ ಗಂಡನಿರುವುದು” ಎಂದೆ.

ವಸುಧಾ ಹಾಳೆಯನ್ನು ತೆಗೆದುಕೊಂಡು, ಬೆರಳಿಟ್ಟು ಮೇಲಿನಿಂದ ಕೆಳಗಿನವರೆಗೆ ಓದಿದಳು. ನಲವತ್ತೆರಡರ ಸಾಲಿನಲ್ಲಿ ಬೆರಳು ಸ್ವಲ್ಪ ಹೊತ್ತು ನಿಂತಿತು. ಅದನ್ನು ಫೈಲಿಗೆ ಸೇರಿಸುತ್ತಾಳೆಂದೇ ನಾನು ಭಾವಿಸಿದ್ದೆ. ಅವಳು ಅದನ್ನು ನಾಲ್ಕು ಮಡಿಕೆ ಮಾಡಿ ಮುಷ್ಟಿಯಲ್ಲಿ ಹಿಡಿದುಕೊಂಡಳು.

“ನಲವತ್ತೆರಡಕ್ಕೆ ಇನ್ನೂ ಹನ್ನೆರಡು ವರ್ಷವಿದೆ. ಅಲ್ಲಿಯವರೆಗೆ ಬಂದವರನ್ನು ಸೂಟ್‌ಕೇಸಿನ ಮೇಲೆ ಕೂರಿಸುವುದು ಚೆನ್ನಾಗಿರುವುದಿಲ್ಲ” ಎಂದಳು ನನ್ನ ವಾಲಿದ ಭಂಗಿಯನ್ನು ನೋಡುತ್ತಾ.

“ಹೇಗೂ…” ಎಂದು ಬಾಯಿ ತೆರೆದ ಮಾಧವ ಅವಳ ಮುಖ ನೋಡಿ ಸುಮ್ಮನಾದ.

“ತರುವುದಾದರೆ ಕೈಯಿರುವ ಕುರ್ಚಿಯನ್ನೇ ತನ್ನಿ” ಎಂದು ರಾಯರು ಮತ್ತೆ ಪತ್ರಿಕೆಯನ್ನು ಬಿಡಿಸಿದರು.