ಕಿಟಕಿ ತೊಳೆಯೋ ವ್ಯಾನಿಗೆ ಕಡಿಮೆ ದುಡ್ಡಲ್ಲಿ ಇನ್ಶೂರೆನ್ಸ್ ಸಿಗತ್ತಾ?

ಸ್ವಂತ ಕೆಲಸ, ಒಬ್ಬನೇ. ವ್ಯಾನ್ ಒಳಗೆ 400 ಲೀಟರ್ ನೀರಿನ ಟ್ಯಾಂಕ್, ಮೇಲೆ ಏಣಿ. ಈ ಸಲದ ರಿನ್ಯೂವಲ್ ಮೊತ್ತ ನೋಡಿ ಎದೆ ಧಸಕ್ ಅಂತು. ಟ್ಯಾಂಕ್ ವಿಷಯ ಹೇಳದೇ ಇದ್ರೆ ಕಡಿಮೆ ಆಗಬಹುದಾ?

ಉತ್ತರ 1:
ಆ ತಪ್ಪು ಮಾತ್ರ ಮಾಡ್ಬೇಡಿ ಮಾರಾಯ್ರೇ! 400 ಲೀಟರ್ ನೀರು ಅಂದ್ರೆ 400 ಕೆಜಿ. ಬ್ರೇಕ್ ಒತ್ತಿದ್ರೆ ಸುಮ್ನೆ ಕೂರಲ್ಲ. ನಾನೂ ಮುಚ್ಚಿಟ್ಟಿದ್ದೆ. ಕ್ಲೇಮ್ ಹಾಕಿದಾಗ ಇನ್ಶೂರೆನ್ಸ್‌ನ ಸರ್ವೇಯರ್ (ಹಾನಿ ಪರೀಕ್ಷೆ ಮಾಡೋರು) ಬಗ್ಗಿ ಮೊದಲು ನೋಡಿದ್ದೇ ಟ್ಯಾಂಕಿನ ಬೋಲ್ಟು. ಕ್ಲೇಮ್ ಕೈತಪ್ಪಿ ಹೋಯ್ತು.

ಉತ್ತರ 2:
ವಾಲಂಟರಿ ಎಕ್ಸೆಸ್ (ಕ್ಲೇಮ್ ಆದಾಗ ನಾವೇ ಕೊಡೋಕೆ ಒಪ್ಪೋ ಮೊತ್ತ) ಸ್ವಲ್ಪ ಏರಿಸಿ, ಕೈಯಿಂದ ಕಟ್ಟೋಕೆ ಆಗೋಷ್ಟೇ. ಸಣ್ಣ ಗೀರಿಗೆಲ್ಲ ಕ್ಲೇಮ್ ಮಾಡಿ, ಕ್ಲೇಮ್ ಇಲ್ಲದಿದ್ರೆ ರಿನ್ಯೂವಲ್‌ನಲ್ಲಿ ಸಿಗೋ ರಿಯಾಯ್ತಿ (ಬೋನಸ್) ಕಳ್ಕೊಬೇಡಿ. ಪಂಪು, ಕೋಲು ಕಳುವಾದ್ರೆ ಕವರ್ ಇದೆಯಾ, ಬೇರೆಯಾಗಿ ಕೇಳಿ.

ಕೇಳಿದವರು:
ಸರಿ, ಟ್ಯಾಂಕ್ ಫೋಟೊ ಸಮೇತ ಮೂರು ಕಡೆ ಕೋಟ್ ಕೇಳ್ತೀನಿ.