ಓಪನ್ ಆಕ್ಸೆಸ್‌ಗೆ ಕನ್ನಡದಲ್ಲಿ ಏನು ಬರೆಯಲಿ? ನಾಳೆ ಫ್ಲೆಕ್ಸ್ ಅಂಗಡಿಗೆ ಕೊಡಬೇಕು

ಮುಂಬಯಿಯಿಂದ:
ಎಲ್ಲರಿಗೂ ನಮಸ್ಕಾರ. ಕನ್ನಡಿಗರ ಸಂಘವೊಂದು ನಡೆಸುವ ಕಾಲೇಜಿನ ಲೈಬ್ರರಿಯಲ್ಲಿ ನನಗೆ ಕೆಲಸ. ಕಂಪ್ಯೂಟರ್ ಇಟ್ಟಿರುವ ಮೂಲೆಗೆ ಹೊಸ ಬೋರ್ಡ್ ಹಾಕುತ್ತಿದ್ದೇವೆ. ಮರಾಠಿ, ಇಂಗ್ಲಿಷ್ ಸಾಲುಗಳು ತಯಾರಿವೆ. ಕನ್ನಡದ್ದು ಬಾಕಿ. ಎರಡು ಪದ ಬೇಕು. ಒಂದು, ಓಪನ್ ಆಕ್ಸೆಸ್. ಪಿಎಚ್‌ಡಿ ಥೀಸಿಸ್‌ಗಳ ವೆಬ್‌ಸೈಟ್ ಶೋಧಗಂಗಾದಲ್ಲಿರುವ ಥೀಸಿಸ್‌ಗಳ ಥರ ಲಾಗಿನ್ ಇಲ್ಲದೆ ಓದುವಂಥದ್ದು. ಇನ್ನೊಂದು, ರಿಮೋಟ್ ಆಕ್ಸೆಸ್. ಕಾಲೇಜುಗಳಿಗೆ ಆನ್‌ಲೈನ್ ಜರ್ನಲ್ ಒದಗಿಸುವ ಎನ್-ಲಿಸ್ಟ್‌ಗೆ ನಮ್ಮ ಕಾಲೇಜು ಹಣ ಕಟ್ಟಿದೆ. 6,000ಕ್ಕೂ ಜಾಸ್ತಿ ಜರ್ನಲ್‌ಗಳಿವೆ. ಪಾಸ್‌ವರ್ಡ್ ಹಾಕಿ ಮನೆಯಲ್ಲೇ ಕೂತು ಓದಬಹುದು. ಆದರೆ ಹುಡುಗರು ಪಾಸ್‌ವರ್ಡ್ ಕೇಳೋಕೇ ಬರೋದಿಲ್ಲ, ಅದಕ್ಕೇ ಈ ಬೋರ್ಡ್. ಜಾಗ ಕಡಿಮೆ, ಚಿಕ್ಕ ಪದ ಕೊಡಿ.

ಪುಣೆಯಿಂದ:
ಮುಕ್ತ ಪ್ರವೇಶ. ದೂರ ಪ್ರವೇಶ. ಇದರಲ್ಲಿ ಚರ್ಚೆ ಮಾಡೋಕೆ ಏನಿದೆ?

ಡೊಂಬಿವಲಿಯಿಂದ:
ಬೇಡ ಮಾರಾಯ್ರೇ! ಜೂನ್ ಬಂತೆಂದರೆ ಇಲ್ಲಿ ಕಾಲೇಜು, ಕ್ಲಾಸುಗಳ ಮುಂದೆಲ್ಲ ‘ಪ್ರವೇಶ ಸುರೂ’ ಅಂತ ಬೋರ್ಡ್ ನೇತಾಡುತ್ತದೆ. ನೀವು ಮುಕ್ತ ಪ್ರವೇಶ ಅಂತ ಹಾಕಿದರೆ ಅಪ್ಪ ಅಮ್ಮಂದಿರು ಮಾರ್ಕ್ಸ್ ಕಾರ್ಡ್ ಹಿಡಿದು ನಿಮ್ಮ ಕಂಪ್ಯೂಟರ್ ಮೂಲೆಗೇ ಬರುತ್ತಾರೆ. ದೂರ ಪ್ರವೇಶವೋ, ದೂರಶಿಕ್ಷಣದ ಅಡ್ಮಿಶನ್ ಅಂದುಕೊಳ್ಳುತ್ತಾರೆ. ಕನ್ನಡದಲ್ಲೂ ಪ್ರವೇಶ ಅಂದರೆ ಒಂದೋ ಸೀಟು, ಇಲ್ಲ ಬಾಗಿಲು. ಲೇಖನದೊಳಗೆ ಯಾರೂ ಪ್ರವೇಶ ಮಾಡುವುದಿಲ್ಲ. ಓದುತ್ತಾರೆ ಅಷ್ಟೇ. ಸುಮ್ನೆ ಕ್ರಿಯಾಪದ ಹಾಕಿ ಮುಗಿಸಿ. ‘ಯಾರು ಬೇಕಾದರೂ ಓದಬಹುದು’, ‘ಮನೆಯಿಂದಲೇ ಓದಿ’.

ಪುಣೆಯಿಂದ:
ಅದು ವಾಕ್ಯ. ಕೇಳಿದ್ದು ಪದ.

ವಾಸ್ಕೊದಿಂದ:
‘ಪ್ರವೇಶ’ ಬೇಡ ಅನ್ನೋದು ಸರಿ, ಆದರೆ ಕಾರಣ ಬೇರೆ. ಅದು ಕನ್ನಡವೇ ಅಲ್ಲ. ತೆರೆದ ಓದು, ತೆರೆದೋದು. ರಿಮೋಟ್‌ಗೆ ಮನೆಯೋದು. ಇ-ಪುಸ್ತಕಕ್ಕೆ ಮಿನ್ಹೊತ್ತಗೆ. ಬೋರ್ಡ್ ಬದಲಾಗುವಾಗಲೇ ಗ್ರಂಥಾಲಯವನ್ನೂ ತೆಗೆದು ‘ಹೊತ್ತಗೆಮನೆ’ ಮಾಡಿ. ಸಂಸ್ಕೃತದ ಸಾಲ ಇನ್ನೆಷ್ಟು ದಿನ?

ಡೊಂಬಿವಲಿಯಿಂದ:
ತೆರೆದೋದು ಅಂದರೆ ‘ಪುಸ್ತಕ ತೆರೆದು ಓದು’ ಅಂತ ಮೇಷ್ಟ್ರು ಗದರಿದ ಹಾಗಿದೆ.

ಪುಣೆಯಿಂದ:
ಹೊತ್ತಗೆ ಅಚ್ಚಗನ್ನಡವಂತೆ! ಪುಸ್ತಕದ ತದ್ಭವ ಪೊತ್ತಗೆ. ಪಾಲು ಹಾಲಾದಂತೆ ಅದು ಹೊತ್ತಗೆ ಆಯಿತು. ಸಂಸ್ಕೃತದ ಸಾಲ ಬೇಡ ಅಂತ ಹೇಳಿ ಅದೇ ಅಂಗಡಿಯ ಮಾಲು ತಂದಿದ್ದೀರಿ. ಇನ್ನೂ ಹಿಂದಕ್ಕೆ ಹೋದರೆ ‘ಪುಸ್ತಕ’ ಸಂಸ್ಕೃತದ ಸ್ವಂತದ್ದೂ ಅಲ್ಲ. ತೊಗಲು ಎಂಬ ಅರ್ಥದ ಇರಾನಿ ಮಾತು ‘ಪೋಸ್ತ್’ನಿಂದ ಬಂದದ್ದೆಂದು ಹೆಚ್ಚಿನ ವಿದ್ವಾಂಸರ ಮತ. ನಿಮ್ಮ ಹೊತ್ತಗೆಮನೆ ಕೊನೆಗೆ ಚರ್ಮದ ಗೋದಾಮು.

ವಾಸ್ಕೊದಿಂದ:
ಎಲ್ಲಿಂದ ಬಂತು ಅನ್ನೋದಲ್ಲ ಪ್ರಶ್ನೆ. ಕನ್ನಡದ ಬಾಯಿಗೆ ಒಗ್ಗಿದ್ದು ಕನ್ನಡ.

ಪುಣೆಯಿಂದ:
ಹಾಗಾದರೆ ‘ಲೈಬ್ರರಿ’ ಏನು ತಪ್ಪು ಮಾಡಿತು? ಅದಕ್ಕಿಂತ ಬಾಯಿಗೆ ಒಗ್ಗಿದ್ದು ಯಾವುದಿದೆ? ಹೊರಗಿನಿಂದಲೇ ಬಂದ ಅರ್ಜಿ, ಚಂದಾ ಇವನ್ನೆಲ್ಲ ಯಾರೂ ಪ್ರಶ್ನಿಸುವುದಿಲ್ಲ. ಈ ಕಡೆ ಸಾವರ್ಕರ್ ಭಾಷಾಶುದ್ಧಿ ಅಂತ ಮರಾಠಿಗೆ ಮೇಯರ್ ಬದಲು ‘ಮಹಾಪೌರ’ ಕೊಟ್ಟರು. ಅವರು ಪಾರಸಿ, ಇಂಗ್ಲಿಷ್ ಓಡಿಸಿ ಸಂಸ್ಕೃತ ತುಂಬಿದರು. ನೀವು ಸಂಸ್ಕೃತ ಓಡಿಸುತ್ತೀರಿ. ರೋಗ ಒಂದೇ.

ವಾಸ್ಕೊದಿಂದ:
ಸಾವರ್ಕರ್ ಜೊತೆ ನನ್ನನ್ನು ಕಟ್ಟಬೇಡಿ. ಅವರು ಓದು ಬಲ್ಲವರ ಮಾತನ್ನು ತಂದರು, ನಾನು ಊರವರ ಮಾತು ಕೇಳ್ತಿದ್ದೇನೆ.

ಪುಣೆಯಿಂದ:
ಯಾವ ಊರಲ್ಲಿ ರೀ ‘ಮಿನ್ಹೊತ್ತಗೆ’ ಅಂತಾರೆ?

ಮಾಟುಂಗಾದಿಂದ:
ನಿಮ್ಮ ಜಗಳ ಆಮೇಲೆ ಮುಂದುವರಿಸಿ. ಮೇಡಂ, ಬೋರ್ಡಿಗೆ ಒಂದು ಮಾತು. ಅವಸರದಲ್ಲಿ ಎರಡೂ ಕಡೆ ‘ಉಚಿತ’ ಅಂತ ಹಾಕಿಬಿಡಬೇಡಿ. ಓದುವವನಿಗೆ ಬಿಟ್ಟಿ ಸಿಗುವುದು ಬೇರೆ, ಓಪನ್ ಆಕ್ಸೆಸ್ ಬೇರೆ. 2002ರ ಬುಡಾಪೆಸ್ಟ್ ಘೋಷಣೆಯ ಪ್ರಕಾರ ಓಪನ್ ಅಂದರೆ ಓದುವುದಷ್ಟೇ ಅಲ್ಲ, ಇಳಿಸಿಕೊಳ್ಳಬಹುದು, ಪ್ರತಿ ಮಾಡಬಹುದು, ಹಂಚಬಹುದು. ಎನ್-ಲಿಸ್ಟ್ ಹಾಗಲ್ಲ. ಕಾಲೇಜು ಹಣ ಕಟ್ಟುವುದು ನಿಲ್ಲಿಸಿದರೆ ನಾಳೆ ಪಾಸ್‌ವರ್ಡ್ ಕೆಲಸಕ್ಕೆ ಬಾರದು. ಕೇಂದ್ರ ಸಂಪುಟ 2024ರ ನವೆಂಬರ್‌ನಲ್ಲಿ ಒಪ್ಪಿದ ‘ಒಂದು ದೇಶ ಒಂದು ಚಂದಾ’ ಯೋಜನೆಯೂ ಅಷ್ಟೆ. ಜರ್ನಲ್‌ಗಳ ಚಂದಾ ಸರ್ಕಾರವೇ ಕಟ್ಟುತ್ತದೆ: 3 ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರ ಸುಮಾರು 13,000 ಜರ್ನಲ್. ಸರ್ಕಾರಿ ಕಾಲೇಜಿನ ಹುಡುಗನಿಗೆ ಜೇಬಿನಿಂದ ಖರ್ಚಿಲ್ಲ ನಿಜ, ಆದರೆ ಹೆಸರಲ್ಲೇ ಚಂದಾ ಇದೆಯಲ್ಲ. ಪುಣೆಯವರ ‘ಮುಕ್ತ’ ಈ ಅರ್ಥಕ್ಕೆ ಸರಿಯಾದ ಪದವೇ. ಕೆಟ್ಟದ್ದು ‘ಪ್ರವೇಶ’. ಪುಟ್ಟ ಪದವೇ ಬೇಕಾದರೆ ‘ಮುಕ್ತ ಓದು’ ಅನ್ನಿ.

ವಾಸ್ಕೊದಿಂದ:
ಅರ್ಧ ಸಂಸ್ಕೃತ.

ಮಾಟುಂಗಾದಿಂದ:
ಇರಲಿ ಬಿಡಿ.

ಮುಂಬಯಿಯಿಂದ:
ಎಲ್ಲರಿಗೂ ಥ್ಯಾಂಕ್ಸ್. ಫ್ಲೆಕ್ಸ್‌ಗೆ ಕೊಟ್ಟಾಯಿತು. ಮೇಲಿನ ಸಾಲು: ‘ಮುಕ್ತ ಓದು: ಯಾರು ಬೇಕಾದರೂ ಓದಬಹುದು’. ಕೆಳಗೆ: ‘ಕಾಲೇಜಿನ ಪಾಸ್‌ವರ್ಡ್ ಪಡೆದು ಮನೆಯಿಂದಲೇ ಓದಿ’. ಪಾಸ್‌ವರ್ಡ್ ಎಲ್ಲಿ ಕೊಡುತ್ತೇವೆ ಅನ್ನೋದನ್ನೂ ಸೇರಿಸಿದೆ, ಅದು ಮೂರೂ ಭಾಷೆಯಲ್ಲಿ ಬಿಟ್ಟುಹೋಗಿತ್ತು. ಹೊತ್ತಗೆ ವಿಚಾರಕ್ಕೆ ದಯವಿಟ್ಟು ಬೇರೆ ಸಬ್ಜೆಕ್ಟ್ ಲೈನ್ ಹಾಕಿಕೊಳ್ಳಿ.

ವಾಸ್ಕೊದಿಂದ:
ಪಾಸ್‌ವರ್ಡ್‌ಗೆ ‘ಗುಟ್ಟುಮಾತು’ ಹಾಕಬಹುದಿತ್ತು.

ಪುಣೆಯಿಂದ:
ಗುಟ್ಟುಮಾತು ಅಂದರೆ ಗುಸುಗುಸು. ಲೈಬ್ರರಿಯಲ್ಲಿ ಅದು ಬಂದ್.